ಬೀಜಕ್ಕ ದ್ವೀಪಕ್ಕೆ ಕಾಲಿಟ್ಟದ್ದು

ಬೀಜಕ್ಕನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಆದರೆ ಹಡಗಿನಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಕ್ಯಾಪ್ಟನ್‌ನಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರ ಬಾಯಲ್ಲೂ ಅವಳು ಬೀಜಕ್ಕನೇ. ವಯಸ್ಸು ಐವತ್ತೆಂಟು, ಎತ್ತರ ಇಸ್ತ್ರಿ ಮೇಜಿಗಿಂತ ಕೊಂಚ ಹೆಚ್ಚು, ಮಾತು ಮಾತ್ರ ಆಳೆತ್ತರ. ಹಡಗಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವುದು, ಇಸ್ತ್ರಿ ಹಾಕುವುದು, ಹರಿದದ್ದನ್ನು ಹೊಲಿದು ಕೊಡುವುದು ಅವಳ ಕೆಲಸ ಅಂತ ಕಾಗದದಲ್ಲಿ ಬರೆದಿತ್ತು. ಬೀಜ ಹೆಕ್ಕುವ ಕೆಲಸ ಆಮೇಲೆ ತಾನಾಗಿ ಬಂದು ಅವಳ ಕೊರಳಿಗೆ ಬಿದ್ದದ್ದು.

ಆ ಹಡಗು, ದೊಡ್ಡ ಹಡಗುಗಳು ತಲೆ ಹಾಕದ ಕಡೆಗೆಲ್ಲ ಎಂಬತ್ತು ಜನರನ್ನು ಕರೆದುಕೊಂಡು ಹೋಗುವ ಸಣ್ಣ ಹಡಗು. ವರ್ಷಕ್ಕೆ ಐದಾರು ಸಲ ನಡುಸಮುದ್ರದ ಒಂದು ದ್ವೀಪಕ್ಕೆ ಹೋಗುತ್ತಿತ್ತು. ಹತ್ತಿರದ ಬಂದರಿನಿಂದ ಮೂರು ದಿನದ ದಾರಿ. ಇಡೀ ದ್ವೀಪವೇ ರಾಷ್ಟ್ರೀಯ ಉದ್ಯಾನ. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ. ಒಬ್ಬ ರೇಂಜರ್, ನಾಲ್ಕು ಜನ ಕೆಲಸದವರು, ಮಿಕ್ಕಿದ್ದೆಲ್ಲ ಹಕ್ಕಿ, ಆಮೆ, ಏಡಿ. ಅಲ್ಲಿನ ಗಿಡಗಳು ಬಹಳ ಸಾಧು. ಹೊರಗಿನ ಹುಲ್ಲಿನ ಒಂದು ಬೀಜ ಬಿದ್ದರೆ ಸಾಕು, ನಾಲ್ಕು ಮಳೆಗೆ ಅದೇ ಯಜಮಾನ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಆಮೇಲೆ ಜಾಗವೇ ಇರುವುದಿಲ್ಲ. ಆದ್ದರಿಂದ ಇಳಿಯುವ ಮೊದಲು ಪ್ರತಿಯೊಬ್ಬರ ಬೂಟು, ಚೀಲ, ಜೇಬು, ಕಾಲುಚೀಲ, ಪ್ಯಾಂಟಿನ ಮಡಿಕೆ ಎಲ್ಲವನ್ನೂ ಪರೀಕ್ಷೆ ಮಾಡಬೇಕು. ದಂಡೆಯಲ್ಲಿ ರೇಂಜರ್ ಮತ್ತೊಮ್ಮೆ ನೋಡುತ್ತಾರೆ. ಒಂದೇ ಒಂದು ಬೀಜ ಸಿಕ್ಕರೂ ಆ ದೋಣಿ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ಸು.

ಅವಳು ಕೆಲಸಕ್ಕೆ ಸೇರಿದ ವರ್ಷ ಹಾಗೆ ಎರಡು ದೋಣಿ ವಾಪಸ್ಸು ಬಂದಿದ್ದವು. ಅಷ್ಟು ದೂರ ಬಂದು ದಂಡೆಯ ವಾಸನೆ ನೋಡಿ ಮರಳಿದವರು ಸುಮ್ಮನಿರುತ್ತಾರೆಯೇ? ಹಡಗಿನ ಸೂರು ಹಾರಿಹೋಗುವ ಹಾಗೆ ಕಿರುಚಾಡಿದರು. ಆಗ ಲಾಂಡ್ರಿಯ ಮೂಲೆಯಿಂದ ಇವಳು ಎದ್ದು ಬಂದು, "ಆ ಬೂಟುಗಳನ್ನ ನನಗೆ ಕೊಡಿ" ಅಂದಳು. ಹೊಲಿಗೆಯಲ್ಲಿ ನೂಲಿನ ಎಳೆ ಎಣಿಸಿದ ಕಣ್ಣು. ಒಂದು ಚಿಮಟ, ಒಂದು ಹಲ್ಲುಜ್ಜುವ ಬ್ರಷ್ಷು, ಒಂದು ಭೂತಗನ್ನಡಿ ಇಟ್ಟುಕೊಂಡು ಕೂತಳು. ಚರ್ ಅಂತ ಕೀಳುವ ವೆಲ್ಕ್ರೋ ಪಟ್ಟಿಯೊಳಗಿಂದ ಅವಳು ಹೆಕ್ಕಿ ತೆಗೆದದ್ದನ್ನು ನೋಡಿ ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಲ್ಲಿಂದ ಹನ್ನೊಂದು ವರ್ಷ ಈ ಹಡಗಿನ ಒಂದು ದೋಣಿಯೂ ವಾಪಸ್ಸು ಬಂದಿಲ್ಲ.

ಬೀಜ ಸಿಕ್ಕಿಬಿದ್ದವರು ನಾನಾ ನಮೂನೆ ಆಡುತ್ತಿದ್ದರು. ಈ ಸಲ ಒಬ್ಬರು ನಿವೃತ್ತ ಜಡ್ಜು ಬಂದಿದ್ದರು. ಅವರ ಟೋಪಿಯ ಪಟ್ಟಿಯಲ್ಲಿ ಮೂರು ಬೀಜ ಸಿಕ್ಕವು. ಜೀವಮಾನವೆಲ್ಲ ಬೇರೆಯವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಮನುಷ್ಯ ಬೆವೆತುಹೋದರು.

"ನಾನು ತಂದಿದ್ದಲ್ಲಮ್ಮ. ಆಣೆಗೂ ನನಗೆ ಗೊತ್ತಿರಲಿಲ್ಲ."

"ಯಾರೂ ತರೋದಿಲ್ಲ ಸಾರ್. ಅದೇ ಅಂಟ್ಕೊಂಡು ಬರುತ್ತೆ. ನಿಮ್ಮ ತಪ್ಪೇನಿದೆ ಇದರಲ್ಲಿ? ತೆಗೆದು ಹಾಕಿದ್ರೆ ಮುಗೀತು" ಅಂದಳು ಬೀಜಕ್ಕ. ಸಾವಿರಾರು ಜನಕ್ಕೆ ಹೇಳಿ ಹೇಳಿ ಅವಳಿಗೆ ಆ ಮಾತು ಬಾಯಿಪಾಠವಾಗಿತ್ತು.

ಇಷ್ಟೆಲ್ಲ ಮಾಡಿದ ಹೆಂಗಸು ತಾನು ಮಾತ್ರ ಆ ದ್ವೀಪಕ್ಕೆ ಒಂದು ದಿನವೂ ಇಳಿದಿರಲಿಲ್ಲ. ಕೆಲಸದವರಿಗೆ ಅಂತ ದೋಣಿಯಲ್ಲಿ ಎರಡು ಜಾಗ ಇದ್ದೇ ಇರುತ್ತಿತ್ತು. ಕರೆದಾಗಲೆಲ್ಲ ಅವಳ ಹತ್ತಿರ ಒಂದು ನೆಪ ತಯಾರು. ಇಸ್ತ್ರಿ ಪೆಟ್ಟಿಗೆ ಕಾದಿದೆ, ಹಲ್ಲು ನೋಯುತ್ತಿದೆ, ಗುಂಡಿ ಹಚ್ಚುವುದಿದೆ. ಒಂದು ಸಲ ದೋಣಿಯಲ್ಲಿ ಕೂತರೆ ವಾಕರಿಕೆ ಬರುತ್ತದೆ ಅಂದಳು. ಹಡಗಿನಲ್ಲೇ ಬಾಳುವೆ ಮಾಡಿಕೊಂಡಿರುವವಳು! ಎಲ್ಲರೂ ನಕ್ಕು ಬಿಟ್ಟುಬಿಟ್ಟರು. ನಿಜವಾದ ಕಾರಣ ಒಂದು ಸಣ್ಣ ಮಾತು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹತ್ತೊಂಬತ್ತಕ್ಕೆ ಮದುವೆಯಾಗಿತ್ತು. ಗಂಡ ದರ್ಜಿ. ಒಂದೇ ಕೋಣೆಯ ಅಂಗಡಿ, ಹಿಂದೆ ಮನೆ. ಹೊಲಿಗೆ ಕಲಿಸಿದ್ದು ಅವನೇ. ಕತ್ತರಿ ಹಿಡಿಯುವುದು ಬಾರದಿದ್ದಾಗ ಬೈಯದೆ, ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು ಕಲಿಸಿದ ಮನುಷ್ಯ. ಹದಿನಾಲ್ಕು ತಿಂಗಳಿಗೆ ಜ್ವರ ಬಂತು, ಒಂಬತ್ತು ದಿನಕ್ಕೆ ಹೋಗಿಬಿಟ್ಟ. ಅತ್ತೆ ಕೆಟ್ಟವಳೇನಲ್ಲ. ಆದರೆ ಮಗನನ್ನು ಕಳಕೊಂಡ ಸಂಕಟಕ್ಕೆ ಒಂದು ಹೆಸರು ಬೇಕಿತ್ತು. "ಇವಳ ಕಾಲ್ಗುಣ" ಅಂದಳು. ಒಂದೇ ಸಲ, ಗಟ್ಟಿಯಾಗಿಯೂ ಅಲ್ಲ. ಆಮೇಲೆ ಬೇರೆಯವರು ಹೇಳಬೇಕಾದ ಅಗತ್ಯವೇ ಬರಲಿಲ್ಲ, ಅವಳೇ ನಂಬಿದಳು.

ನಂಬಿದವಳು ಹೇಗಿರುತ್ತಾಳೆ? ತಂಗಿಗೆ ಹೆರಿಗೆಯಾದಾಗ ಆಸ್ಪತ್ರೆಯ ಓಣಿಯಲ್ಲೇ ಎರಡು ದಿನ ನಿಂತಳು, ಕೂಸು ಚೆನ್ನಾಗಿ ಹಾಲು ಕುಡಿಯಿತು ಅಂತ ಕೇಳಿದ ಮೇಲೆ ಒಳಗೆ ಕಾಲಿಟ್ಟಳು. ಹಡಗಿಗೆ ಸೇರುವ ಮೊದಲು ಅವಳು ಹೊಲಿಯುತ್ತಿದ್ದ ಬಂದರಿನ ಅಂಗಡಿಗೆ ಹೊಸ ಮಿಷನ್ನು ಬಂದಾಗ, ಬೇರೆಯವರು ತುಳಿದು ನಾಲ್ಕು ಅಂಗಿ ಹೊಲಿಯುವವರೆಗೂ ಹತ್ತಿರ ಸುಳಿಯಲಿಲ್ಲ. ಹಾಗಿದ್ದರೆ ಹಡಗು ಹತ್ತಿದ್ದು ಹೇಗೆ ಅಂದರೆ, ಅದು ಬಹಳ ಹಳೆಯ ಹಡಗು. ಕೆಡಬೇಕಾದದ್ದೆಲ್ಲ ಆಗಲೇ ಕೆಟ್ಟಿತ್ತು, ತನ್ನಿಂದ ಹೊಸದಾಗಿ ಏನೂ ಆಗಲಾರದು ಅಂತ ಧೈರ್ಯ. ಆದರೆ ಆ ದ್ವೀಪ? ಒಬ್ಬರ ಕಾಲಿನಿಂದ ಹಾಳಾಗಿಹೋಗುವ ಜಾಗ ಅಂತ ದೋಣಿ ಹತ್ತುವ ಕಡೆ ಹಾಕಿದ ಬೋರ್ಡಿನಲ್ಲೇ ಬರೆದಿದ್ದರು. ದಿನಾ ಅದನ್ನೇ ಜನಕ್ಕೆ ಹೇಳುತ್ತಿದ್ದವಳು ಅವಳೇ. ಅಲ್ಲಿಗೆ ತನ್ನ ಕಾಲು ತೆಗೆದುಕೊಂಡು ಹೋಗುವ ಎದೆ ಅವಳಿಗಿರಲಿಲ್ಲ.

ಇಳಿಯುವ ಆಸೆ ಮಾತ್ರ ಬೆಟ್ಟದಷ್ಟಿತ್ತು. ಲಾಂಡ್ರಿಯ ದುಂಡು ಕಿಟಕಿಯಿಂದ ದ್ವೀಪದ ಒಂದು ಚೂರು ಕಾಣುತ್ತಿತ್ತು: ಬಿಳಿ ಮರಳು, ಅದರ ಮೇಲೆ ಎದ್ದು ಕೂರುವ ಹಕ್ಕಿಗಳು. ಇಳಿದು ಬಂದವರ ಅಂಗಿ ಒಗೆಯುವಾಗ ಅದಕ್ಕೆ ಅಂಟಿದ ಉಪ್ಪಿನ, ಎಲೆಯ ವಾಸನೆ ಎಳೆದುಕೊಂಡು, ಆಮೇಲೆ ನೀರಿಗೆ ಹಾಕುತ್ತಿದ್ದಳು.

ಈ ವರ್ಷ ಮಂಡಿ ಕೈಕೊಟ್ಟಿತು. ಕೆಲಸ ಬಿಡುವುದೆಂದು ತೀರ್ಮಾನವಾಗಿ, ತಂಗಿಯ ಮನೆಯಲ್ಲಿ ಅವಳಿಗೊಂದು ಕೋಣೆಗೆ ಸುಣ್ಣವೂ ಆಗಿತ್ತು. ಇದೇ ಕೊನೆಯ ಸಲ ದ್ವೀಪದ ದಾರಿ. ಹಡಗಿನಲ್ಲಿ ಹಕ್ಕಿಗಳ ವಿಷಯ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಹಕ್ಕಿ ಮೇಡಂ ಅನ್ನುತ್ತಿದ್ದರು. ಅವಳು ಲಾಂಡ್ರಿಗೆ ಬಂದು ಇಸ್ತ್ರಿ ಮೇಜಿನ ಮೇಲೆಯೇ ಕೂತುಬಿಟ್ಟಳು.

"ಅಕ್ಕಾ, ಈ ಸಲ ನೀವು ಬರದೆ ಇದ್ರೆ ನಾನೂ ಇಳಿಯಲ್ಲ. ಜನಕ್ಕೆ ಹಕ್ಕಿ ಹೆಸರು ನೀವೇ ಹೇಳ್ಕೊಡಿ."

"ಮೊದಲು ಇಳಿ ಮೇಜಿಂದ. ಇಸ್ತ್ರಿ ಬಟ್ಟೆ ಮುದುರುತ್ತೆ."

"ಬರ್ತೀರಾ, ಇಲ್ವಾ?"

ಬಾಯಿ ಸೋತು "ಬರ್ತೀನಿ" ಅಂದಳು. ಆ ಒಂದು ಮಾತಿನ ಖುಷಿಗೆ ಅವಳಿಗೆ ಆ ದಿನ ಊಟ ಸೇರಲಿಲ್ಲ.

ಹಾಕಿಕೊಂಡು ಹೋಗಲು ಗಟ್ಟಿ ಪ್ಯಾಂಟು ಬೇಕಿತ್ತು. ಪ್ರಯಾಣಿಕರು ಮರೆತು ಬಿಟ್ಟುಹೋದ ಬಟ್ಟೆಗಳ ಕಪಾಟಿನಲ್ಲಿ ಒಂದು ಸಿಕ್ಕಿತು, ಅವಳಿಗೆ ಒಂದು ಗೇಣು ಹೆಚ್ಚೇ ಉದ್ದ. ಇಲ್ಲೇ ನೋಡಿ, ದರ್ಜಿಯ ಬುದ್ಧಿ ಕೆಲಸ ಮಾಡಿದ್ದು. ಯಾರ ಬಟ್ಟೆಯೇ ಆಗಲಿ, ಮೊದಲು ಮಡಿಕೆ ಬಿಚ್ಚಿ ಬ್ರಷ್ಷು ಆಡಿಸಬೇಕು ಅಂತ ಊರಿಗೆಲ್ಲ ಹೇಳುವವಳು, ತನ್ನ ಪ್ಯಾಂಟಿನ ಅಂಚು ಇಳಿಬಿದ್ದದ್ದು ಕಂಡ ಕೂಡಲೇ ಸೂಜಿ ತೆಗೆದುಕೊಂಡಳು. ಮಡಚಿ, ಎಳೆ ಹೊರಗೆ ಕಾಣದ ಹಾಗೆ ಹೊಲಿದುಬಿಟ್ಟಳು. ಆಮೇಲೆ ಒಗೆದಳು, ಆಮೇಲೆ ಬ್ರಷ್ಷು ಹಾಕಿದಳು. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ಒಳಗಿನದು ಹೊರಗೆ ಬರುವ ಹಾಗೇ ಇರಲಿಲ್ಲ.

ಬೆಳಿಗ್ಗೆ ದೋಣಿ ಹತ್ತುವ ಕಡೆ ಸಾಲು ನಿಂತಿತ್ತು. ಬೀಜಕ್ಕ ಬೆಂಚಿನ ಮೇಲೆ ಕೂತು ಬೂಟಿನೊಳಗೆ ಪ್ಯಾಂಟು ತುರುಕುತ್ತಿದ್ದಳು. ಎಡಗಾಲಿನ ಮಡಿಕೆಯಲ್ಲಿ ಹೆಬ್ಬೆರಳಿಗೆ ಏನೋ ತಾಗಿತು. ಅಕ್ಕಿಕಾಳಿನಷ್ಟು, ಒಂದು ಕಡೆ ಚೂಪು. ಅವಳಿಗೆ ನೋಡಬೇಕಾದ್ದೇ ಇರಲಿಲ್ಲ, ಏನೆಂದು ಬೆರಳಿಗೆ ಗೊತ್ತಾಯಿತು.

ಯಾರೂ ಅವಳನ್ನು ಪರೀಕ್ಷೆ ಮಾಡುವವರಿರಲಿಲ್ಲ. ಹೊಲಿಗೆಯೊಳಗಿನದು ರೇಂಜರ್ ಕಣ್ಣಿಗೂ ಬೀಳುತ್ತಿರಲಿಲ್ಲ. ಸುಮ್ಮನೆ ಎದ್ದು ದೋಣಿ ಹತ್ತಬಹುದಿತ್ತು. ಅವಳು ಬೂಟು ಕಳಚಿ ಪಕ್ಕಕ್ಕಿಟ್ಟಳು.

"ನಾನು ಬರಲ್ಲ" ಅಂದಳು.

ಹಕ್ಕಿ ಮೇಡಂ ಓಡಿ ಬಂದಳು. "ಏನಾಯ್ತಕ್ಕಾ? ಮಂಡಿನಾ?"

"ಬೀಜ ಇದೆ. ನಾನೇ ಒಳಗಿಟ್ಟು ಹೊಲಿದಿದೀನಿ. ಇಷ್ಟು ವರ್ಷ ಊರವರದ್ದೆಲ್ಲ ತೆಗೆದು, ನಾನೇ ಹೊತ್ಕೊಂಡು ಹೊರಟಿದ್ದೆ. ನನ್ನ ಕಾಲ್ಗುಣಾನೇ ಹೀಗೆ ಕಣೇ. ನಮ್ಮನೆಯವರನ್ನ ತಿಂತು, ಈಗ ಈ ದ್ವೀಪಾನೂ ತಿನ್ನುತ್ತೆ." ಮೂವತ್ತೆಂಟು ವರ್ಷ ಒಳಗಿದ್ದ ಮಾತು ಅಷ್ಟು ಜನರ ಮುಂದೆ ಹೊರಗೆ ಬಿತ್ತು. ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

ಹುಡುಗಿ ನೆಲಕ್ಕೆ ಕೂತು, ಸಣ್ಣ ಕತ್ತರಿಯಿಂದ ಆ ಚೆಂದದ ಹೊಲಿಗೆಯನ್ನು ಪರಪರ ಬಿಚ್ಚಿ, ಚಿಮಟದಲ್ಲಿ ಬೀಜ ಹಿಡಿದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಬಲಗಾಲಿನದನ್ನೂ ಬಿಚ್ಚಿ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ತಲೆಯೆತ್ತಿ, ಬೀಜಕ್ಕನ ದನಿಯನ್ನೇ ಅಣಕಿಸಿ ಹೇಳಿದಳು:

"ಯಾರೂ ತರೋದಿಲ್ಲ ಸಾರ್. ಅದೇ ಅಂಟ್ಕೊಂಡು ಬರುತ್ತೆ. ನಿಮ್ಮ ತಪ್ಪೇನಿದೆ ಇದರಲ್ಲಿ?"

ಸಾಲಿನಲ್ಲಿದ್ದ ಜಡ್ಜು ಗಂಟಲು ಸರಿಮಾಡಿಕೊಂಡರು. "ಮೂರು ಬೀಜ ಇದ್ದ ನಾನೇ ಹೋಗ್ತಿದೀನಿ. ಒಂದೇ ಬೀಜಕ್ಕೆ ನಿಮಗೆ ಯಾತರ ಶಿಕ್ಷೆ? ಖುಲಾಸೆ! ದೋಣಿ ಹತ್ತಿ ತಾಯಿ, ಬಿಸಿಲೇರ್ತಿದೆ."

ಎಲ್ಲರೂ ಗೊಳ್ಳೆಂದರು. ಬೀಜಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ಸಾವಿರಾರು ಜನಕ್ಕೆ ಕೊಟ್ಟ ಸಮಾಧಾನ ತನಗೂ ಸಲ್ಲಬಹುದು ಅಂತ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಬಿಚ್ಚಿದ ಅಂಚನ್ನು ಬೂಟಿನೊಳಗೆ ತುರುಕಿಕೊಂಡು, ಹುಡುಗಿಯ ಭುಜ ಹಿಡಿದು ದೋಣಿಗೆ ಇಳಿದಳು.

ದಂಡೆಯಲ್ಲಿ ರೇಂಜರ್ ನಿಂತಿದ್ದರು. ತೆಳ್ಳಗೆ, ಉದ್ದಕ್ಕೆ, ಬಿಸಿಲಿಗೆ ಸುಟ್ಟ ಮುಖ. ಅವರು ಎಲ್ಲರ ಬೂಟು ನೋಡಿ ಮುಗಿಸಿದ ಮೇಲೆ ಹಕ್ಕಿ ಮೇಡಂ ಬೀಜಕ್ಕನ ಗುರುತು ಹೇಳಿದಳು. "ಸಾರ್, ಬೂಟು ನೋಡೋರು ಇವರೇ."

ಅವರು ಟೋಪಿ ತೆಗೆದರು. "ಇಷ್ಟು ವರ್ಷ ಎಲ್ಲಿದ್ರಮ್ಮಾ ನೀವು?"

ಬೀಜಕ್ಕ ಹಡಗಿನ ಕಡೆ ತಿರುಗಿ ನೋಡಿದಳು. "ಕೆಳಗಡೆ ಇದ್ದೆ ಸಾರ್, ಲಾಂಡ್ರಿಲಿ" ಅಂದಳು.

ಅವರು ದಂಡೆಯ ಉದ್ದಕ್ಕೂ ಕೈ ತೋರಿಸಿದರು. "ನಿಮ್ಮ ಹಡಗಿನೋರು ಇಳಿಯೋದು ಇಲ್ಲೇ. ನೋಡಿ, ಹೊರಗಿನ ಗಿಡ ಒಂದೂ ಇಲ್ಲ. ಆ ತುದಿ ಆಚೆ ಇನ್ನೊಂದು ದಂಡೆ ಇದೆ. ಅಲ್ಲಿ ಬೇರೆ ದೋಣಿಗಳು ಬರ್ತಿದ್ವು. ಆರು ವರ್ಷದಿಂದ ನಮ್ಮ ನಾಲ್ಕು ಜನ ದಿನಾ ಬಗ್ಗಿ ಕಳೆ ಕೀಳ್ತಾನೇ ಇದಾರೆ, ಮುಗಿದಿಲ್ಲ. ಇಲ್ಲಿ ಕೀಳೋಕೆ ಏನೂ ಇಲ್ಲ. ನಿಮ್ಮ ಹಡಗು ಬರೋ ದಿನ ನಾವು ನೆಮ್ಮದಿಯಾಗಿರ್ತೀವಿ."

ಬೀಜಕ್ಕ ನೋಡಿದಳು. ಮರಳು, ನೆಲ ಹಿಡಿದು ಹಬ್ಬಿದ ಬಳ್ಳಿ, ಬೂದು ಬಣ್ಣದ ಪೊದೆ, ಅದರ ನೆರಳಲ್ಲಿ ಮೊಟ್ಟೆಯ ಮೇಲೆ ಕೂತ ಹಕ್ಕಿ. ಅದು ಅವಳತ್ತ ಒಂದು ಸಲ ಕಣ್ಣು ಹೊರಳಿಸಿ ಮತ್ತೆ ತನ್ನ ಪಾಡಿಗೆ ಕೂತಿತು. ತಾನು ಬಂದದ್ದರಿಂದ ಏನು ಕೆಟ್ಟಿತು ಅಂತ ಅತ್ತೆ ತೋರಿಸಿದ್ದು ಅವಳಿಗೆ ಗೊತ್ತಿತ್ತು. ತನ್ನಿಂದಾಗಿ ಯಾವ ಕೇಡು ಆಗದೆ ಉಳಿಯಿತು ಅಂತ ತೋರಿಸಿದವರು ಇವರೊಬ್ಬರೇ. ಅವಳು ಕೈ ಮುಗಿದಳು. ರೇಂಜರ್‌ಗೋ, ಹಕ್ಕಿಗೋ, ಬೆರಳು ಹಿಡಿದು ಹೊಲಿಗೆ ಕಲಿಸಿ ಕಣ್ಣು ಚುರುಕು ಮಾಡಿಹೋದ ಆ ಮನುಷ್ಯನಿಗೋ, ಅವಳಿಗೇ ಗೊತ್ತಾಗಲಿಲ್ಲ. ಎಲ್ಲರಿಗೂ ಸೇರಿಯೇ ಇರಬೇಕು.

ಮೊದಲ ಸರದಿಯ ನಲವತ್ತು ಜನ ಸಾಲಾಗಿ ನಿಂತರು. ಒಳಗೆ ಹೋಗಲು ಕಾಲುದಾರಿ ಅಂತ ಏನೂ ಇರಲಿಲ್ಲ.

"ಎಲ್ಲಾ ಕಡೆ ಮೊಟ್ಟೆ ಇದೆ, ಕಲ್ಲಿನ ಬಣ್ಣದವು, ಕಣ್ಣಿಗೇ ಬೀಳಲ್ಲ" ಅಂದರು ರೇಂಜರ್. "ಅದಕ್ಕೆ ಇಲ್ಲಿ ಒಂದೇ ಕ್ರಮ. ಮುಂದಿನೋರು ಎಲ್ಲಿ ಕಾಲಿಡ್ತಾರೋ, ಹಿಂದಿನೋರೆಲ್ಲ ಅಲ್ಲೇ ಕಾಲಿಡಬೇಕು. ಒಂದು ಬೆರಳೂ ಆಚೀಚೆ ಹೋಗೋ ಹಾಗಿಲ್ಲ." ಆಮೇಲೆ ಬೀಜಕ್ಕನ ಕಡೆ ತಿರುಗಿದರು. "ದಿನಾ ನಾನೇ ಮುಂದೆ ಹೋಗೋದು. ಇವತ್ತು ನಿಮ್ಮ ಕಣ್ಣಿರುವಾಗ ನನ್ನದೇನು? ನಾನು ಪಕ್ಕದಲ್ಲಿರ್ತೀನಿ. ನೀವು ಮುಂದೆ ನಡೀರಿ ಅಮ್ಮಾ."

ಬೀಜಕ್ಕ ನೆಲ ನೋಡಿದಳು. ಎರಡು ಮೊಟ್ಟೆಗಳ ನಡುವೆ ಬೂಟಿನಗಲದ ಮರಳು ಕಂಡಿತು. ಅಲ್ಲಿ ಎಡಗಾಲಿಟ್ಟಳು. ಅವಳು ಕಾಲೆತ್ತಿದ ಜಾಗದಲ್ಲಿ ಜಡ್ಜು ತಮ್ಮ ಕಾಲಿಟ್ಟರು, ಅವರ ಹಿಂದೆ ಮಿಕ್ಕವರು, ಒಬ್ಬರಾದ ಮೇಲೆ ಒಬ್ಬರು.