ಕಾಲು ಚಾಚಿ ಕೂತವಳು

ಇಂಥದ್ದೊಂದು ಕಥೆಯನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ, "ಹೌದಾ, ಚಾ ಕುಡಿಯಿರಿ, ತಣ್ಣಗಾಗ್ತದೆ" ಎಂದು ಮಾತು ತಿರುಗಿಸುತ್ತಿದ್ದೆ. ಊರಿನಲ್ಲಿ ಅಮ್ಮ ಸಣ್ಣ ಜ್ವರಕ್ಕೂ ಜೋಯಿಸರಲ್ಲಿ ಪ್ರಶ್ನೆ ಕೇಳಲು ಓಡುವಾಗ, ಮುಖ ಗಂಟಿಕ್ಕಿಕೊಂಡು ಮಾತ್ರೆ ತರಲು ಹೊರಟವಳು ನಾನು. ದುಬೈಗೆ ಬಂದು ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್‌ನಲ್ಲಿ ಕೂತ ಮೇಲಂತೂ ಇಂಥವಕ್ಕೆಲ್ಲ ಪುರುಸೊತ್ತೇ ಇರಲಿಲ್ಲ. ಆದ್ದರಿಂದ ನೀವು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕ್ಲಿನಿಕ್ಕಿನಲ್ಲಿ ನನ್ನ ಜೊತೆ ನೋಯಿ ಎಂಬ ಥಾಯ್ ಹುಡುಗಿ ಕೆಲಸ ಮಾಡುತ್ತಿದ್ದಳು. ನನ್ನನ್ನು 'ಪೀ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅದು ಅಕ್ಕ. ಉಳಿದಂತೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ಅವಳ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದಾಗ ಒಂದು ಭಾನುವಾರ ಮಧ್ಯಾಹ್ನ ನನ್ನನ್ನೂ ನನ್ನ ಗಂಡ ಸುಧೀರರನ್ನೂ ಊಟಕ್ಕೆ ಕರೆದಳು. ಅಲ್ ಬರ್ಷಾದಲ್ಲಿ ಅವಳದು ಒಂದೇ ಬೆಡ್‌ರೂಮಿನ ಪುಟ್ಟ ಮನೆ. ಸೋಫಾವನ್ನು ಗೋಡೆಗೆ ತಳ್ಳಿ, ಟೀಪಾಯಿಯನ್ನು ಬಾಲ್ಕನಿಗೆ ಸಾಗಿಸಿ, ನೆಲಕ್ಕೆ ದೊಡ್ಡ ಚಾಪೆ ಹಾಸಿದ್ದರು. ಡೈನಿಂಗ್ ಟೇಬಲ್ಲಿನ ಮೇಲೆ ಇಸ್ತ್ರಿ ಬಟ್ಟೆಯ ರಾಶಿ ಇತ್ತು.

ನೆಲದಲ್ಲಿ ಕೂತು ಉಣ್ಣುವುದೆಂದರೆ ನನಗೆ ಖುಷಿಯೇ. ಆದರೆ ನಮ್ಮದು ಸಾಲಾಗಿ ಕೂರುವ ಪಂಕ್ತಿ, ಅವರದು ದುಂಡಗೆ. ಅಂಟು ಅನ್ನದ ಬುಟ್ಟಿ, ಸುಟ್ಟ ಕೋಳಿ, ಖಾರ ಹಾಕಿ ಕುಟ್ಟಿದ ಪಪ್ಪಾಯಿಕಾಯಿ ಎಲ್ಲವೂ ನಡುವೆ. ಅದರಿಂದಲೇ ಎಲ್ಲರೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವುದು. ಕಾಲುಗಳನ್ನು ಮಾತ್ರ ಒಂದು ಬದಿಗೆ ಮಡಚಿ ಹಿಂದಕ್ಕೆ ಸರಿಸಿಕೊಳ್ಳಬೇಕು. ಅಂಗಾಲು ಅನ್ನದ ಕಡೆಗಾಗಲಿ, ಹಿರಿಯರ ಕಡೆಗಾಗಲಿ ತಿರುಗುವಂತಿಲ್ಲ. ನೋಯಿ ಮೊದಲೇ ತೋರಿಸಿಕೊಟ್ಟಿದ್ದಳು, ನಾನು ಹಾಗೆಯೇ ಕೂತೆ. ಸುಧೀರ್ ಚಕ್ಕಳಮಕ್ಕಳ ಹಾಕಿದರು. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು.

ನೋಯಿಯ ತಾಯಿ ತಟ್ಟೆ ಇಡುತ್ತಾ ಬಂದವರು ಆ ಖಾಲಿ ಜಾಗಕ್ಕೂ ಒಂದು ಇಟ್ಟರು. "ಅಮ್ಮನಿಗೆ ಲೆಕ್ಕ ತಪ್ಪಿತು" ಎಂದು ನೋಯಿ ನಕ್ಕಳು. ನಾನೂ ನಕ್ಕೆ. ಊಟ ಶುರುವಾಗಿ ಸ್ವಲ್ಪ ಹೊತ್ತಾಗಿರಬೇಕು, ಆ ಹೆಂಗಸು ಖಾಲಿ ಜಾಗದ ಕಡೆ ನೋಡಿ ತುಸು ಗಡುಸಾಗಿ ಏನೋ ಅಂದರು. ನೋಯಿಯ ಮುಖ ಕೆಂಪಾಯಿತು. ಏನಂತೆ, ಹೇಳು ಎಂದು ನಾನೇ ಒತ್ತಾಯ ಮಾಡಿದೆ.

"ಬೇಜಾರು ಮಾಡ್ಬೇಡಿ ಪೀ. ನಿಮ್ಮ ಜೊತೆ ಬಂದ ಹುಡುಗಿಗೆ ಕಾಲು ಮಡಚಲು ಹೇಳಿ ಅಂತಿದ್ದಾರೆ. ಎಡಗಾಲು ನೇರ ಅನ್ನದ ಕಡೆ ಚಾಚಿದ್ದಾಳಂತೆ."

ಚಾಪೆಯ ಮೇಲೆ ಇದ್ದದ್ದು ನಾವು ನಾಲ್ಕೇ ಜನ. ಯಾವ ಹುಡುಗಿ ಎಂದು ನೋಯಿ ಕೇಳಿದ್ದಕ್ಕೆ, ತಾಯಿ ನನಗೂ ಸುಧೀರರಿಗೂ ನಡುವಿನ ಜಾಗವನ್ನು ಗಲ್ಲದಿಂದಲೇ ತೋರಿಸಿದರು. ನನಗೆ ನಗಬೇಕೆಂದು ಅನಿಸಿತು. ಅಷ್ಟರಲ್ಲಿ ಸುಧೀರರ ದನಿ ಕೇಳಿತು: "ಅವಳಿಗೆ ಕಾಲು ಮಡಚ್ಲಿಕ್ಕೆ ಆಗುದಿಲ್ಲ. ಮಂಡಿ ಆಪರೇಶನ್ ಆಗಿದೆ." ಅನ್ನದ ಉಂಡೆ ಅವರ ಬೆರಳಲ್ಲೇ ಇತ್ತು, ತಲೆ ತಗ್ಗಿತ್ತು. ನೋಯಿ ಅದನ್ನು ತಾಯಿಗೆ ತಿಳಿಸಿದಳು. ಆ ಹೆಂಗಸು "ಓ" ಎಂದು ಮೃದುವಾದರು. ಎದ್ದು ಹೋಗಿ ಸೋಫಾದ ದಿಂಬು ತಂದು, ಖಾಲಿ ನೆಲದ ಮೇಲೆ, ಯಾರದೋ ಮಂಡಿಯ ಕೆಳಗೆ ತುರುಕುವ ಹಾಗೆ ನಿಧಾನವಾಗಿ ಇಟ್ಟರು.

ಎಡ ಮಂಡಿಯ ಆಪರೇಶನ್ ಆದವಳು ನನಗೆ ಗೊತ್ತಿದ್ದವರಲ್ಲಿ ಒಬ್ಬಳೇ, ಶರ್ಮಿಳಾ. ಅಬುಧಾಬಿಯ ಮುಸಫ್ಫಾದಲ್ಲಿ ಕಂಪನಿಯೊಂದರ ಕ್ಲಿನಿಕ್ಕಿನಲ್ಲಿ ನರ್ಸ್, ನಮ್ಮ ಊರಿನ ಕಡೆಯವಳೇ. ನನಗೆ 'ಅಕ್ಕ', ನನ್ನ ಗಂಡನಿಗೆ 'ಭಾವ'. ಆಪರೇಶನ್ ಆದ ಮೇಲೆ ನೋಡಿಕೊಳ್ಳುವವರಿಲ್ಲವೆಂದು ನಾನೇ ಹಟ ಹಿಡಿದು ಅವಳನ್ನು ಮನೆಗೆ ಕರೆತಂದಿದ್ದೆ. ನನ್ನ ಹಾಸಿಗೆ ಬಿಟ್ಟುಕೊಟ್ಟು ನಾನೂ ಸುಧೀರರೂ ಹಾಲ್‌ನಲ್ಲಿ ಮಲಗಿದ್ದೆವು, ಹೊತ್ತು ಹೊತ್ತಿಗೆ ಗಂಜಿ ಮಾಡಿ ಕೊಟ್ಟಿದ್ದೆ. ನನಗೆ ಡ್ಯೂಟಿ ಇದ್ದ ದಿನಗಳಲ್ಲಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದವರು ಸುಧೀರ್. ಹಾಗೆ ಕಳುಹಿಸಿದವಳೂ ನಾನೇ.

ಊಟ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ಕೆಳಗೆ ಪಾರ್ಕಿಂಗ್‌ನಲ್ಲಿ ಕಾರು ಹತ್ತಿದ ಮೇಲೆ ಒಂದೇ ಮಾತು ಕೇಳಿದೆ. "ಶರ್ಮಿಳಾ ಅಲ್ವಾ?"

ಅವರು ಚಾವಿ ತಿರುಗಿಸಲಿಲ್ಲ. "ನಿಂಗೆ ಯಾರು ಹೇಳಿದ್ದು?" ಎಂದರು.

"ನೀವೇ ಹೇಳಿದ್ರಲ್ಲ, ಊಟಕ್ಕೆ ಕೂತಾಗ. ಅವಳ ಮಂಡಿದು."

"ಎಂತ ಮಾತಾಡ್ತಿ ಮಾರಾಯ್ತಿ, ನಾನು ಅಲ್ಲಿ ಬಾಯೇ ಬಿಡ್ಲಿಲ್ಲ."

ಅಷ್ಟು ಸಾಕಿತ್ತು. "ಅಲ್ಲ, ಸುಳ್ಳು" ಎಂದು ಅವರು ಹೇಳಲೇ ಇಲ್ಲ ನೋಡಿ. ಮನೆ ತಲುಪುವಷ್ಟರಲ್ಲಿ ಅವರಿಬ್ಬರ ಸಂಬಂಧವೆಲ್ಲ ಹೊರಬಂತು. ನನ್ನ ಗಂಜಿ ಕುಡಿದು, ನನ್ನ ಹಾಸಿಗೆಯಲ್ಲಿ ಮಲಗಿ, ನನ್ನನ್ನೇ ಅಕ್ಕ ಅಕ್ಕ ಎಂದು ಬಾಯ್ತುಂಬ ಕರೆದವಳು. ಇವರೋ, ರಾತ್ರಿ ನನ್ನೆದುರೇ "ಪಾಪ, ಹುಡುಗಿಗೆ ಯಾರೂ ಇಲ್ಲ" ಎಂದು ಮರುಗುತ್ತಿದ್ದವರು. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಇವತ್ತಿಗೂ ಹೇಳಲಾರೆ.

ಆ ಭಾನುವಾರ ಶರ್ಮಿಳಾ ದುಬೈಗೆ ಬಂದೇ ಇರಲಿಲ್ಲ. ಮುಸಫ್ಫಾದಲ್ಲಿ ಡ್ಯೂಟಿಯಲ್ಲಿದ್ದಳು. ಮರ್ಯಾದೆ ಬಿಟ್ಟು ಅವಳ ಜೊತೆ ಕೆಲಸ ಮಾಡುವವಳಿಗೆ ಫೋನ್ ಮಾಡಿ ವಿಚಾರಿಸಿದೆ. ಇಬ್ಬರೂ ಅಲ್ಲೇ ಕೂತು ಡಬ್ಬಿ ಬಿಚ್ಚಿ ಉಂಡದ್ದಂತೆ. ಸತ್ತವರಾದರೆ ದೆವ್ವ ಎನ್ನಬಹುದಿತ್ತು. ಜೀವಂತ ಇರುವವಳು, ಅಬುಧಾಬಿಯಲ್ಲಿ ಊಟ ಮಾಡುತ್ತಿದ್ದವಳು, ಇಲ್ಲಿ ಚಾಪೆಯ ಮೇಲೆ ಹೇಗೆ ಕೂತಾಳು? ಅವಳನ್ನು ಎಂದೂ ಕಾಣದ, ಅವಳ ಮಂಡಿಯ ಸುದ್ದಿಯೇ ಗೊತ್ತಿಲ್ಲದ ನೋಯಿಯ ತಾಯಿಗೆ ಆ ಕಾಲು ಹೇಗೆ ಕಂಡಿತು?

ನಮ್ಮ ಮದುವೆ ಖಲಾಸ್ ಆಯಿತು. ಈಗ ಅವರಿಬ್ಬರೂ ಅಬುಧಾಬಿಯಲ್ಲಿದ್ದಾರೆ. ನಾನು ದುಬೈಯಲ್ಲೇ, ಊದ್ ಮೇಥಾದಲ್ಲಿ ಒಂದು ರೂಮು ಹಿಡಿದಿದ್ದೇನೆ. ಇದನ್ನೆಲ್ಲ ಮರೆಯುತ್ತಾ ಬಂದಿದ್ದೆ. ಕಳೆದ ವರ್ಷ ನೋಯಿ ಕೆಲಸ ಬಿಟ್ಟು ಊರಿಗೆ ಹೊರಟಾಗ, ಕೊನೆಯ ಬಾರಿ ಅವಳ ಮನೆಗೆ ಹೋಗಿದ್ದೆ. ಅದೇ ಚಾಪೆಯನ್ನು ಸುತ್ತಿ ಕಟ್ಟುತ್ತಿದ್ದಳು. ತಡೆಯಲಾಗದೆ ಕೇಳಿಬಿಟ್ಟೆ. ಆವತ್ತು ಸುಧೀರ್ ತಾವಾಗಿಯೇ ಬಾಯಿಬಿಟ್ಟದ್ದು ಯಾಕಿರಬಹುದು, ನಿನಗೇನನಿಸುತ್ತದೆ?

ನೋಯಿ ಹಗ್ಗ ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ಅವರು ಏನೂ ಹೇಳಲಿಲ್ಲ ಪೀ. ಕಾಲು ಮಡಚಲು ಆಗುವುದಿಲ್ಲ, ಆಪರೇಶನ್ ಆಗಿದೆ ಅಂದದ್ದು ನೀವು. ಇಂಗ್ಲಿಷಿನಲ್ಲಿ ಹೇಳಿದಿರಿ, ಅದಕ್ಕೇ ನಾನು ಅಮ್ಮನಿಗೆ ತಿಳಿಸಿದ್ದು."

ಆಮೇಲೆಯೇ ನನಗೆ ಹೊಳೆದದ್ದು. ನಾನು ಕೇಳಿದ ದನಿ ಸುಧೀರರದು, ಮಾತು ಕನ್ನಡ. ನೋಯಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಅದೇ ಮಾತನ್ನು ಅವಳು ಇಂಗ್ಲಿಷಿನಲ್ಲಿ, ನನ್ನ ಬಾಯಿಂದ ಕೇಳಿದ್ದಳು.

ಅವರಿಬ್ಬರ ಮೋಸ ನನಗೆ ಅರ್ಥವಾಗುತ್ತದೆ. ಜನ ಹಾಗೆ ಮಾಡುತ್ತಾರೆ. ಇದು ಮಾತ್ರ ಅರ್ಥವಾಗಿಲ್ಲ. ನೋಯಿಯ ತಾಯಿಯ ಕಣ್ಣಿಗೆ ಶರ್ಮಿಳಾ ಕಂಡಿದ್ದಳು, ನನ್ನ ಗಂಡನಿಗಂತೂ ಗೊತ್ತೇ ಇತ್ತು, ಕೊನೆಗೆ ನನ್ನ ನಾಲಿಗೆಗೂ ಗೊತ್ತಿತ್ತು. ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ.