ಅತ್ತೆ ಬಿದ್ದ ತಿರುವು, ಮಂಜಿಯ ಬ್ಯಾಟರಿ ಗಾಡಿ

ಬೆಳಿಗ್ಗೆ ಆರೂಕಾಲು. ಕುಮಟಾ ತಾಲೂಕಿನ ಬಾಡದಿಂದ ತುಸು ಆಚೆಗಿರುವ ಕೇದಗೆಕೇರಿಯ ಕ್ರಾಸಿನಲ್ಲಿ ಹಾವೇರಿ ಕಡೆಯ ಟೆಂಪೊ ಟ್ರಾವೆಲರ್ ಒಂದು ಬಂದು ನಿಂತಿದೆ. ಇಳಿದವರು ಹನ್ನೊಂದು ಮಂದಿ. ಎಲ್ಲರಿಗೂ ಒಂದೇ ಅವಸರ: ಸಮುದ್ರದಲ್ಲಿ ಸೂರ್ಯ ಹುಟ್ಟುವುದನ್ನು ನೋಡಬೇಕು.

"ಸಮುದ್ರದಲ್ಲಿ ಅವ ಮುಳುಗೂದು, ಅದೂ ಸಾಯಂಕಾಲ. ಹುಟ್ಟೂದು ಆ ಗುಡ್ಡೆ ಬದಿಗೆ" ಎನ್ನುತ್ತಾರೆ, ಬ್ಯಾಟರಿ ಗಾಡಿಯ ಚಾರ್ಜಿಂಗ್ ವೈರನ್ನು ಸುತ್ತಿಡುತ್ತಿರುವ ಮಂಜಿ. "ಬಂದದ್ದಂತೂ ಆತು. ಆರು ಜನ ಹತ್ತಿ. ಉಳಿದವ್ರು ಮುಂದಿನ ಟ್ರಿಪ್ಪಿಗೆ."

ಆರು ಜನ ಎಂದರೆ ಎಂಟು ಜನ ಹತ್ತುತ್ತಾರೆ. ಅದು ಲೋಕರೂಢಿ. ಮಂಜಿ ಇಬ್ಬರನ್ನು ಇಳಿಸಿ, ಹಿಂದಿನ ಸೀಟಿನವರ ಎದುರು ನೈಲಾನ್ ಹಗ್ಗವೊಂದನ್ನು ಅಡ್ಡ ಎಳೆದು ಕೊಂಡಿಗೆ ಸಿಕ್ಕಿಸುತ್ತಾರೆ. ಈ ಸೀಟು ಹಿಮ್ಮುಖದ್ದು. ಗಾಡಿ ಪಶ್ಚಿಮಕ್ಕೆ ಸಮುದ್ರದತ್ತ ಓಡುವಾಗ ಇಲ್ಲಿ ಕೂತವರ ಮುಖ ಪೂರ್ವಕ್ಕೆ. ಹಾಗಾಗಿ ಅರ್ಧ ದಾರಿಯಲ್ಲಿ ಗುಡ್ಡದ ಮೇಲೆ ಸೂರ್ಯ ಇಣುಕುವುದು ಮೊದಲು ಕಾಣುವುದು ಅವರಿಗೇ. ಕಂಡ ಕೂಡಲೇ ಮೊಬೈಲು ಹಿಡಿದು ಎದ್ದು ನಿಲ್ಲುವವರೂ ಅವರೇ.

"ಕಾಲು ಒಳಗೆ! ಕುಂಡೆ ಸೀಟಿಗೆ! ಸೂರ್ಯ ನಾಳೆನೂ ಬತ್ತ, ನೀವು ಬರೂದು ಗ್ಯಾರಂಟಿ ಇಲ್ಲ!"

ಹಿಂತಿರುಗಿ ನೋಡದೆಯೇ ಮಂಜಿ ಕೂಗುತ್ತಾರೆ. ಎದ್ದಿದ್ದವರು ತಟ್ಟನೆ ಕೂರುತ್ತಾರೆ.

ನಲವತ್ತೇಳರ ಮಂಜಿಗೆ ಈ ಗಂಟಲು ಬಂದದ್ದು ಮೀನಿನಿಂದ. ಇಪ್ಪತ್ತೆರಡು ವರ್ಷ ಬೋಟುಗಳು ಬಂದು ನಿಲ್ಲುವ ತದಡಿಯ ದಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಊರೂರು ಮಾರಿದವರು. ಮಂಡಿ ನೋವು ಶುರುವಾದಾಗ ಡಾಕ್ಟರು ಬುಟ್ಟಿ ಇಳಿಸಿ ಎಂದರು. ಅದೇ ವರ್ಷ ಊರಿನ ಮಹಿಳಾ ಸಂಘಕ್ಕೆ ಎರಡು ಬ್ಯಾಟರಿ ಗಾಡಿ ಬಂದವು. ಮುಖ್ಯರಸ್ತೆಯಿಂದ ಕಡಲಿಗೆ ಒಂದೂಕಾಲು ಕಿಲೋಮೀಟರು, ರಸ್ತೆ ಸಪೂರ, ಪ್ರವಾಸಿಗರ ಕಾರು ಹೊಕ್ಕರೆ ಊರಿನವರು ಬೇಲಿ ಹತ್ತಿ ನಿಲ್ಲಬೇಕು. ಅದಕ್ಕೇ ಕಾರು ಕ್ರಾಸಿನಲ್ಲಿ, ಜನ ಗಾಡಿಯಲ್ಲಿ ಎಂದು ನಿರ್ಧಾರವಾಯಿತು. ಓಡಿಸಲು ಯಾರು ಎಂದಾಗ ಸಂಘದ ಅಧ್ಯಕ್ಷೆ ಜಯಶ್ರೀ ಮೊದಲು ನೋಡಿದ್ದು ಮಂಜಿಯ ಕಡೆಗೆ. ಮೂರು ದಿನ ತರಬೇತಿ. ನಾಲ್ಕನೆಯ ದಿನ ಮಂಜಿ ಡ್ರೈವರು.

"ಕಲಿಸೂಕೆ ಬಂದವ ಹೇಳ್ದ, ಇದು ಆಟದ ಸಾಮಾನು ಇದ್ದಂಗೆ ಅಂತ. ಬಾಗಿಲಿಲ್ಲ, ಗೇರಿಲ್ಲ, ಸದ್ದಿಲ್ಲ. ನಾನೂ ಹಂಗೇ ತಿಳ್ಕಂಡೆ. ಅಲ್ಲೇ ತಪ್ಪಿದ್ದು" ಎನ್ನುತ್ತಾರೆ.

ತಪ್ಪಿದ್ದು ಹೇಗೆಂಬುದನ್ನು ಕೇದಗೆಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮತ್ತು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಮಂಜಿ ಹೇಳುವುದು ಹೀಗೆ.

ಡ್ರೈವರಾದ ಆರನೆಯ ದಿನ. ಅತ್ತೆ ಸೀತೆಗೆ ಆಗ ಅರವತ್ತೆಂಟು. ಸೊಸೆಯ ಗಾಡಿಯಲ್ಲಿ ಒಂದು ಸಲ ಕಡಲತನಕ ಹೋಗಬೇಕೆಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಹೊಸ ಸೀರೆ ಉಟ್ಟು ಗಾಡಿಯ ಹತ್ತಿರ ಸುಳಿದಾಡಿದರು, ಅಷ್ಟೇ. ಮಂಜಿ ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಬೇರೆ ಯಾರೂ ಇರಲಿಲ್ಲ. ಆಗ ಹಗ್ಗವೂ ಇರಲಿಲ್ಲ. ನಾಗರಕಟ್ಟೆಯ ತಿರುವನ್ನು ಮಂಜಿ ಬೀಸಾಗಿ ತೆಗೆದುಕೊಂಡರು.

"ತಿರುವು ದಾಟಿ ಕೇಳ್ದೆ, ಅತ್ತೆ, ಗಾಳಿ ಹೆಂಗೆ ಬತ್ತದೆ ಅಂತ. ಮಾತಿಲ್ಲ. ಬೆಳಿಗ್ಗೆ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅದೇ ಸಿಟ್ಟು ಅಂದ್ಕಂಡೆ. ಕಡಲು ಮುಟ್ಟೂವರೆಗೂ ಸಮಾಧಾನ ಮಾಡ್ತಾ ಹೋದೆ. ನಾಳೆಯಿಂದ ಉಪ್ಪು ನೀವೇ ಹಾಕಿ ಅತ್ತೆ, ನಂದೇ ತಪ್ಪು ಅತ್ತೆ ಅಂದೆ. ಇಳಿದು ನೋಡ್ತೆ, ಸೀಟಿನ ಮೇಲೆ ಎಲೆಯಡಿಕೆ ಕವಳದ ಸಂಚಿ ಮಾತ್ರ ಅದೆ."

ಸೀತೆ ಆ ಹೊತ್ತಿಗೆ ನಾಗರಕಟ್ಟೆಯ ಪಕ್ಕದ ಹುಲ್ಲಿನಲ್ಲಿ ಕೂತು, ಬಲಗೈ ಮಣಿಕಟ್ಟು ಹಿಡಿದುಕೊಂಡು, ಸೊಸೆಯ ವಂಶವನ್ನು ಮೂರು ತಲೆಮಾರಿನವರೆಗೆ ನೆನೆಯುತ್ತಿದ್ದರು. ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು.

ಅತ್ತೆ ಗಾಡಿಯಿಂದ ಬಿದ್ದರು ಎಂಬ ಸುದ್ದಿ ಸಂಜೆಯೊಳಗೆ ಸೊಸೆ ಅತ್ತೆಯನ್ನು ಬೀಳಿಸಿದಳು ಎಂದಾಗಿತ್ತು. ಮರುದಿನ ಬೇಕೆಂದೇ ಬೀಳಿಸಿದಳು ಎಂದಾಯಿತು. ಮೀನು ಮಾರ್ಕೆಟ್ಟಿನಲ್ಲಿ ಇಬ್ಬರು ಹೆಂಗಸರು ಮಂಜಿಯನ್ನು ಬದಿಗೆ ಕರೆದು, ಆ ತಿರುವಿನಲ್ಲಿ ಎಷ್ಟು ಸ್ಪೀಡು ಇಟ್ಟಿದ್ದೆ ಎಂದು ಗುಟ್ಟಾಗಿ ವಿಚಾರಿಸಿದರು. ಅವರ ಮನೆಯಲ್ಲೂ ಅತ್ತೆಯಂದಿರಿದ್ದರು.

ಇವತ್ತು ನಗುತ್ತ ಹೇಳುವ ಮಂಜಿ ಅವತ್ತು ನಕ್ಕಿರಲಿಲ್ಲ. ಸಂಘ ಗಾಡಿಯ ಕೀ ಹಿಂದಕ್ಕೆ ಪಡೆಯಿತು. ನಲವತ್ತು ದಿನ ಮನೆಯಲ್ಲಿ ಕೂತು ಅತ್ತೆಗೆ ಜಳಕ ಮಾಡಿಸಿದರು, ತಲೆ ಬಾಚಿದರು, ಗಂಜಿ ಕುಡಿಸಿದರು. "ಕಣ್ಣು ಮುಚ್ಚಿದ್ರೆ ಆ ಖಾಲಿ ಸೀಟೇ ಕಾಣ್ತಿತ್ತು. ಕೈ ಬದಲು ತಲೆ ಆಗಿದ್ರೆ? ಅತ್ತೆ ಬದಲು ಯಾರದೋ ಕೂಸು ಆಗಿದ್ರೆ? ಇನ್ನು ಮೇಲೆ ಗಾಡಿ ಮುಟ್ಟೂದೇ ಬ್ಯಾಡ ಅಂತ ಮಾಡಿದ್ದೆ." ನೋಡಲು ಬಂದವರಿಗೆಲ್ಲ ಸೀತೆ ಕೈ ತೋರಿಸುತ್ತಿದ್ದರು, ಬಿದ್ದದ್ದು ಹೇಗೆಂದು ಮಾತ್ರ ಹೇಳುತ್ತಿರಲಿಲ್ಲ. ಊರು ಆ ಮೌನಕ್ಕೂ ತನಗೆ ಬೇಕಾದ ಅರ್ಥ ಮಾಡಿಕೊಂಡಿತು.

ನಲವತ್ತೊಂದನೆಯ ದಿನ ಸಂಘದ ಮೀಟಿಂಗು. ಗಾಡಿಗೆ ಬೇರೆ ಡ್ರೈವರನ್ನು ನೇಮಿಸುವುದೊಂದೇ ವಿಷಯ. ಯಾರೂ ಕರೆಯದಿದ್ದರೂ ಸೀತೆ ಪಟ್ಟಿ ಬಿಚ್ಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಅವ್ಳು ಬೀಳಿಸ್ಲಿಲ್ಲ. ನಾನೇ ಎದ್ದು ನಿಂತದ್ದು" ಎಂದರು. ಯಾಕೆ ಎಂದು ಜಯಶ್ರೀ ಕೇಳಿದಾಗ ನೆಲ ನೋಡುತ್ತ, "ನಾಗರಕಟ್ಟೆ ಹತ್ರ ಭಾರತಿ ನೀರು ತರ್ತಾ ಇತ್ತು. ನಾ ಗಾಡಿ ಮೇಲೆ ಹೋಗೂದು ಅದ್ಕೆ ಕಾಣ್ಲಿ ಅಂತ ಎದ್ದು ಕೈ ಬೀಸ್ದೆ. ಹೊಸ ಸೀರೆ ಬೇರೆ ಉಟ್ಟಿದ್ದೆ" ಎಂದರು.

ಭಾರತಿ ಅದೇ ಮೀಟಿಂಗಿನಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದರು. ಸೀತೆಯೊಡನೆ ಹದಿನಾಲ್ಕು ವರ್ಷದಿಂದ ಮಾತು ಬಿಟ್ಟ ನೆರೆಮನೆಯವರು. "ನಾ ನೋಡ್ಲೇ ಇಲ್ವಲ್ಲೇ ಮಾರಾಯ್ತಿ" ಎಂದರು.

ಮೀಟಿಂಗು ನಕ್ಕಿತು. ಕೀ ಮಂಜಿಗೆ ವಾಪಸಾಯಿತು.

ಕೀ ಕೈಗೆ ಬಂದರೂ ಮಂಜಿ ಕೂಡಲೇ ಗಾಡಿ ಹತ್ತಲಿಲ್ಲ. ಮೊದಲು ಹಿಂದಿನ ಸೀಟಿಗೆ ಏನಾದರೂ ಅಡ್ಡ ಬೇಕೆಂದು ಹಟ ಹಿಡಿದರು. ಬೋಟಿಗೆ ಹೋಗುವ ಗಂಡ ದಿನಕರ ಬಲೆಯ ಹಗ್ಗ ತಂದು, ಎರಡೂ ಬದಿಗೆ ಕೊಂಡಿ ಹಾಕಿ, ತಾನೇ ಕೂತು ಜಗ್ಗಿ ನೋಡಿದರು. "ಎರಡು ಕ್ವಿಂಟಾಲ್ ಮೀನು ತಡೀತದೆ. ಮನ್ಶ ಮೀನಿಗಿಂತ ಜಾಸ್ತಿ ಜಾರ್ತ, ಆದ್ರೂ ಅಡ್ಡಿಲ್ಲ" ಎಂಬುದು ಅವರ ಸರ್ಟಿಫಿಕೇಟು.

ಇನ್ನೊಂದು ತೊಂದರೆ ಸದ್ದಿನದು. ಗಾಡಿ ಬೆಕ್ಕಿನಂತೆ ಬರುತ್ತದೆ. ಕೋಳಿ, ದನ, ಕಿವಿ ಮಂದವಾದ ಮುದುಕರು ಯಾರಿಗೂ ಗೊತ್ತಾಗುವುದಿಲ್ಲ. ಅದರ ಹಾರ್ನ್ ಎಂದರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸೊಳ್ಳೆ ಕೂಗಿದಂತೆ. ಮಂಜಿ ಬಾಯಿಯನ್ನೇ ನಂಬಿದರು. ಮೊದಲ ದಿನ ತಿರುವಿನಲ್ಲಿ ಕೂಗಲು ಬಾಯಿ ತೆರೆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಹೊರಬಿತ್ತು: "ಬಂಗಡೇ... ತಾರ್ಲೇ..." ನಾಲ್ಕು ಮನೆಯ ಹೆಂಗಸರು ಪಾತ್ರೆ ಹಿಡಿದು ರಸ್ತೆಗೆ ಬಂದರು. ಗಾಡಿಯಲ್ಲಿದ್ದದ್ದು ದಾವಣಗೆರೆಯ ನವದಂಪತಿ. ಅಂದಿನಿಂದ ಮಂಜಿ "ಗಾಡೀ... ಗಾಡಿ ಬಂತೂ..." ಎಂದು ಅದೇ ರಾಗದಲ್ಲಿ ಕೂಗುತ್ತಾರೆ. ತಿರುವಿಗೆ ಹತ್ತು ಮಾರು ಮೊದಲೇ ದಾರಿ ತೆರವಾಗುತ್ತದೆ.

ಹೀಗೆ ದಿನಕ್ಕೆ ಇಪ್ಪತ್ತೈದು ಟ್ರಿಪ್ಪು. ಶನಿವಾರ, ಭಾನುವಾರ ನಲವತ್ತು. ವೇಗ ಹನ್ನೆರಡು ಕಿಲೋಮೀಟರಿಗಿಂತ ಮೇಲಿಲ್ಲ, ತಿರುವಿನಲ್ಲಿ ನಡೆದಷ್ಟೇ. ಮೂರು ವರ್ಷವಾಯಿತು. ಬಿದ್ದವರ ಸಂಖ್ಯೆ ಸೀತೆಯ ನಂತರ ಸೊನ್ನೆ.

ಮಳೆಗಾಲದಲ್ಲಿ ಕಡಲಿಗೆ ಯಾರೂ ಬರುವುದಿಲ್ಲ, ಗಾಡಿಗಳು ತಾಡಪಾಲಿನಡಿ ಮಲಗುತ್ತವೆ. ಆ ನಾಲ್ಕು ತಿಂಗಳು ಅತ್ತೆ ಸೊಸೆ ಬಸ್ಸು ಹತ್ತಿ, ಗಾಡಿಯಲ್ಲಿ ಬೀಳದೆ ಕೂರುವುದನ್ನು ಹೇಳಿಕೊಡಲು ಶಾಲೆ, ಅಂಗನವಾಡಿ, ಸಂಘದ ಸಭೆಗಳಿಗೆ ಹೋಗುತ್ತಾರೆ. ಮೊದಲು ಕರೆದದ್ದು ಬಾಡದ ಶಾಲೆಯ ಹೇಮಾ ಟೀಚರು. ನಿಯಮ ಹೇಳುವುದು ಮಂಜಿ: ಗಾಡಿ ಪೂರ್ತಿ ನಿಂತ ಮೇಲೆ ಇಳಿಯಿರಿ, ಮಕ್ಕಳನ್ನು ಅಂಚಿಗೆ ಕೂರಿಸಬೇಡಿ, ರಿಕ್ಷಾವಾಗಲಿ ಬ್ಯಾಟರಿ ಗಾಡಿಯಾಗಲಿ ಕೈಕಾಲು ಒಳಗಿರಲಿ. ಕತೆ ಹೇಳುವುದು ಸೀತೆ. ಕೊನೆಗೆ ಸ್ವಲ್ಪ ಸೊಟ್ಟಗೆ ಕೂಡಿದ ಮಣಿಕಟ್ಟನ್ನು ಎತ್ತಿ ತೋರಿಸುತ್ತಾರೆ. ಮಕ್ಕಳು ನಿಯಮ ಮರೆತರೂ ಆ ಕೈ ಮರೆಯುವುದಿಲ್ಲ.

ಒಂದೇ ತೊಂದರೆ, ಕತೆ ಬೆಳೆಯುತ್ತಿದೆ. ಕುಮಟಾದಲ್ಲಿ ಸೀತೆ ಒಂದು ಪಲ್ಟಿ ಹೊಡೆದು ಬೀಳುತ್ತಾರೆ. ಹೊನ್ನಾವರ ಮುಟ್ಟುವಾಗ ಮೂರು ಪಲ್ಟಿ. ಕಳೆದ ಜುಲೈನಲ್ಲಿ ಭಟ್ಕಳದ ಹೆಂಗಸರ ಸಭೆಯಲ್ಲಿ ಐದಾಯಿತು. ಅಲ್ಲಿಯವರ ಮನೆಮಾತಾದ, ಕೊಂಕಣಿಗೆ ಹತ್ತಿರದ ನವಾಯತಿಗೆ ಅನುವಾದ ಮಾಡಲೆಂದು ಒಬ್ಬ ಟೀಚರನ್ನು ನಿಲ್ಲಿಸಿದ್ದರು. ಸೀತೆ ಮೀನು ಮಾರುವ ಕೊಂಕಣಿಯಲ್ಲೇ ಶುರುಮಾಡಿದ್ದರಿಂದ ಟೀಚರು ಬಾಯಿ ತೆರೆಯುವ ಮೊದಲೇ ಸಭೆ ನಗುತ್ತಿತ್ತು. "ಅತ್ತೆ, ಬಿದ್ದದ್ದು ಎರಡಡಿ ಎತ್ತರದಿಂದ" ಎಂದು ಮಂಜಿ ಬಸ್ಸಿನಲ್ಲಿ ನೆನಪಿಸಿದರೆ, "ಬಿದ್ದದ್ದು ನಾನಾ ನೀನಾ?" ಎಂಬ ಉತ್ತರ.

ಇಬ್ಬರ ನಿಜವಾದ ಪರೀಕ್ಷೆ ನಡೆದದ್ದು ಹೋದ ಜನವರಿಯಲ್ಲಿ. ರಸ್ತೆ ಸುರಕ್ಷತೆಯ ಕಾರ್ಯಕ್ರಮ ಕೇದಗೆಕೇರಿಯ ಕಡಲ ದಂಡೆಯಲ್ಲಿ. ಮುಖ್ಯ ಅತಿಥಿಗಳು ಕ್ರಾಸಿನಿಂದ ಮಂಜಿಯ ಗಾಡಿಯಲ್ಲಿ ಮೆರವಣಿಗೆಯಲ್ಲಿ ಬರಬೇಕು. ಬಂದರು, ಹಾರ ಹಾಕಿಸಿಕೊಂಡರು, ಹಿಂದಿನ ಫುಟ್‌ಬೋರ್ಡಿನ ಮೇಲೆ ಎದ್ದು ನಿಂತು ಕೈ ಬೀಸತೊಡಗಿದರು. ಫೋಟೊ ಚೆನ್ನಾಗಿ ಬರುತ್ತದೆಂದು ಯಾರೋ ಹೇಳಿದ್ದರಂತೆ.

"ಕೂತ್ಕಣಿ ಸಾರ್" ಎಂದರು ಮಂಜಿ. ಅವರು ಕೂರಲಿಲ್ಲ. ಎರಡನೆಯ ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ. ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ನಿಂತರು. ಡೋಲು ನಿಂತಿತು. ಜಯಶ್ರೀಯ ಮುಖದ ಬಣ್ಣ ಹೋಯಿತು. ಸಂಘಟಕರೊಬ್ಬರು ಮಂಜಿಯ ಕಿವಿಯಲ್ಲಿ, ನಾಳೆಯಿಂದ ಗಾಡಿ ಇರುವುದಿಲ್ಲ ನೋಡು ಎಂದರು. ಮಂಜಿಯ ಕೈ ಸೊಂಟದ ಮೇಲಿಂದ ಕದಲಲಿಲ್ಲ.

"ನಾನು ಯಾರು ಗೊತ್ತೇನಮ್ಮ ನಿನಗೆ?" ಎಂದರು ಅತಿಥಿಗಳು.

ಕ್ರಾಸಿನ ಬಾದಾಮಿ ಮರದಡಿ ಟಿಕೆಟ್ ಹರಿಯಲು ಮೇಜಿನ ಹಿಂದೆ ಕೂತಿದ್ದ ಸೀತೆ ಎದ್ದು ಬಂದರು. ಸೊಟ್ಟ ಕೈಯನ್ನು ಅವರ ಮೂಗಿನ ಹತ್ತಿರ ಹಿಡಿದರು. "ನೀವು ಯಾರಾದ್ರೂ ಆಗಿ. ನಾನು ಇವ್ಳ ಸ್ವಂತ ಅತ್ತೆ. ನನ್ನನ್ನೇ ಬೀಳಿಸಿ ಹಿಂದೆ ತಿರುಗಿ ನೋಡ್ದೆ ಹೋದವ್ಳು ಇವ್ಳು. ನಿಮ್ಮನ್ನ ಬಿಡ್ತಾಳಾ?"

ಮೊದಲು ನಕ್ಕವರು ಬಂದೋಬಸ್ತಿಗೆ ಬಂದಿದ್ದ ಪೊಲೀಸರು. ಅತಿಥಿಗಳು ಮಂಜಿಯನ್ನೊಮ್ಮೆ, ಆ ಕೈಯನ್ನೊಮ್ಮೆ ನೋಡಿ ಕೂತರು. ಮಂಜಿ ಹಗ್ಗ ಸಿಕ್ಕಿಸಿ ಗಾಡಿ ಬಿಟ್ಟರು. ಮರುದಿನದ ಫೋಟೊದಲ್ಲಿ ಅವರು ಬಲೆಯ ಹಗ್ಗದ ಹಿಂದೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಶಾಲೆಯ ಹುಡುಗನಂತೆ ಕೂತಿದ್ದಾರೆ. ವಾರಗಟ್ಟಲೆ ಸಂಘ ಹೆದರಿಕೊಂಡೇ ಇತ್ತು. ಕೊನೆಗೆ ಆ ಅತಿಥಿಗಳಿಂದಲೇ ಒಂದು ಫೋನು ಬಂತು. ಮುಂದಿನ ಕಾರ್ಯಕ್ರಮ ಹೊನ್ನಾವರದಲ್ಲಂತೆ, ಆ ಅಜ್ಜಿಯನ್ನು ಕಳಿಸಿಕೊಡಿ ಎಂದರಂತೆ. ಮಂಜಿಯ ಹೆಸರು ಅವರಿಗೆ ನೆನಪಿರಲಿಲ್ಲ.

ಬೇಸರವಾಗಲಿಲ್ಲವೇ ಎಂದರೆ ಮಂಜಿ ತಲೆ ಅಲ್ಲಾಡಿಸುತ್ತಾರೆ. "ಹೆಸ್ರು ಎಂತಕೆ? ಹತ್ತಿದವ್ರು ಹಂಗೇ ಇಳಿದ್ರೆ ಆತು."

ಆದರೂ ಏನಾದರೊಂದು ಆಸೆ ಇದ್ದೇ ಇರಬೇಕಲ್ಲ? ಮಧ್ಯಾಹ್ನದ ಬಿಸಿಲಲ್ಲಿ ಗಾಡಿಗೆ ಪುರಸೊತ್ತು. ಬಾದಾಮಿ ಮರದ ನೆರಳಲ್ಲಿ ಅತ್ತೆಯ ಪಕ್ಕ ಕೂತು ಮಂಜಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ.

"ದಿನಕ್ಕೆ ಇಪ್ಪತ್ತೈದು ಸಲ ಕಡಲ ಹತ್ರ ಹೋಗ್ತೆ. ಮೂರು ವರ್ಷದಲ್ಲಿ ಕಡಲು ನೋಡ್ಲೇ ಇಲ್ಲ. ರಸ್ತೆ ನೋಡೂದೇ ಆತು, ಕನ್ನಡಿ ನೋಡೂದೇ ಆತು. ಒಂದು ಸಲ ಯಾರಾದ್ರೂ ಗಾಡಿ ಓಡ್ಸಬೇಕು, ನಾ ಸುಮ್ನೆ ಕೂತ್ಕಂಡು ಹೋಗ್ಬೇಕು."

"ಅದಕ್ಕೆಂತ?" ಎನ್ನುತ್ತಾರೆ ಸೀತೆ, ಕವಳ ಜಗಿಯುತ್ತ. "ನಾ ಓಡಿಸ್ತೆ. ನೋಡಿ ನೋಡಿ ನಂಗೆಲ್ಲ ಬತ್ತದೆ. ನೀ ಕೂತ್ಕ."

ಮಂಜಿ ಅತ್ತೆಯ ಮುಖವನ್ನೇ ನೋಡುತ್ತಾರೆ. ಎಪ್ಪತ್ತೊಂದರ ಆ ಮುಖದಲ್ಲಿ ತಮಾಷೆಯ ಸುಳಿವೂ ಇಲ್ಲ.

"ಬ್ಯಾಡ ಅತ್ತೆ" ಎನ್ನುತ್ತಾರೆ ಮಂಜಿ, ಮೆಲ್ಲಗೆ ಕೈ ಹಿಡಿದು ಅವರನ್ನು ಎಬ್ಬಿಸುತ್ತ. "ಬನ್ನಿ, ನಡ್ಕಂಡೇ ಹೋಗ್ವಾ."