ಭಾವನ ಕಾರಿಗೆ ಲೈನಿಂಗ್ ಹಾಕಿದ್ದು

ಮೊನ್ನೆ ಚಪ್ಪಲಿಯ ಬಾರು ಕಿತ್ತುಹೋಗಿ, ನಜರ್‌ಬಾದಿನ ಮೂಲೆಯಲ್ಲಿ ಕೂರುವ ರಿಪೇರಿಯವನ ಮುಂದೆ ಒಂಟಿಕಾಲಲ್ಲಿ ನಿಂತಿದ್ದೆ. ಅವನು ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ಅಂಟಿನ ಘಾಟು ಮೂಗಿಗೇರಿತು. ನನಗರಿವಿಲ್ಲದೆ ಬಲಗೈ ತಲೆಯ ಹಿಂಭಾಗವನ್ನು ತಡವಿತು. ಅಲ್ಲಿ ಈಗ ಕೂದಲಿಲ್ಲ, ಬಿಡಿ. ಇದ್ದ ಕಾಲದಲ್ಲಿ ಒಂದು ಹಿಡಿಯಷ್ಟನ್ನು ಇದೇ ಅಂಟಿನ ದೆಸೆಯಿಂದ ಕತ್ತರಿಸಿ ತೆಗೆಯಬೇಕಾಗಿತ್ತು. ಅದು ನಡೆದದ್ದು ಭಾವನ ಕಾರಿನೊಳಗೆ.

ಭಾವ ಎಂದರೆ ನನ್ನ ಅಕ್ಕ ಸರೋಜಳ ಗಂಡ. ಜಮೀನು ಅಳೆಯುವ ಸರ್ಕಾರಿ ಕೆಲಸದಲ್ಲಿದ್ದವರು. ಹಿನಕಲ್, ಬೋಗಾದಿಯ ಹೊಲಗಳೆಲ್ಲ ಸೈಟುಗಳಾಗುವ ಕಾಲಕ್ಕೆ ಅಲ್ಲೆಲ್ಲ ಓಡಾಡಿ, ತಾವು ಅಳೆಯಲಾಗದ್ದು ಲೋಕದಲ್ಲಿ ಏನೂ ಇಲ್ಲವೆಂದು ನಂಬಿದ್ದರು. ಊಟಕ್ಕೆ ಕೂತರೂ ಪಕ್ಕದೆಲೆಗೂ ತಮ್ಮೆಲೆಗೂ ನಡುವೆ ಎಷ್ಟು ಗೇಣು ಎಂದು ಕಣ್ಣಲ್ಲೇ ಲೆಕ್ಕ ಹಾಕುವ ಜಾತಿ. ಅವರಿಗಿದ್ದ ಒಂದೇ ಶೋಕಿ ಒಂದು ಹಳೇ ಕಾರು. ಅದರ ಟಾಪು ಕ್ಯಾನ್ವಾಸಿನದು; ಬೇಕೆಂದಾಗ ಹಿಂದಕ್ಕೆ ಮಡಚಬಹುದು. ಮಡಚಬಹುದು ಎಂದೆನೇ ಹೊರತು ಭಾವ ಮಡಚಿದ್ದನ್ನು ನಾನು ಕಂಡಿರಲಿಲ್ಲ. ಒಳಗಿನ ಲೈನಿಂಗ್ ಬಟ್ಟೆ ಲಡ್ಡಾಗಿತ್ತು, ಮಡಚಿದರೆ ಪೂರ್ತಿ ಕಿತ್ತು ಬರುತ್ತದೆಂಬ ಭಯ. ಬಟ್ಟೆಯ ಮೇಲಿದ್ದ ಸ್ಪಂಜಂತೂ ಮುಟ್ಟಿದರೆ ಪುಡಿಯಾಗುತ್ತಿತ್ತು.

ಆ ಪುಡಿಯೇ ಮನೆ ಕೆಡಿಸಿದ್ದು. ಒಂದು ಮದುವೆಗೆಂದು ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಆ ಕಾರಿನಲ್ಲಿ ಹೋದಳು. ದಾರಿಯಲ್ಲಿ ಎರಡು ಹಂಪು. ಛತ್ರದ ಮುಂದೆ ಇಳಿಯುವಾಗ ತಲೆ ತುಂಬ ಹಳದಿ ಪುಡಿ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹೆಂಗಸು ಕಣ್ಣರಳಿಸಿ, "ಏನ್ರೀ ಸರೋಜಮ್ಮ, ಇನ್ನೂ ಧಾರೇನೇ ಆಗಿಲ್ಲ, ಆಗ್ಲೇ ಅಕ್ಷತೆ ಹಾಕ್ಸ್ಕೊಂಡ್ ಬಂದ್ಬುಟ್ರಾ?" ಎಂದಳು. ಎಲ್ಲರೂ ನಕ್ಕರು. ಭಾವನೂ ನಕ್ಕರು. ಬೇರೆಯವರ ನಗುವನ್ನು ಅಕ್ಕ ಕ್ಷಮಿಸಿದಳು, ಭಾವನದನ್ನು ಕ್ಷಮಿಸಲಿಲ್ಲ. ಊಟ ಮುಗಿಸಿ ಆಟೋದಲ್ಲಿ ಮನೆಗೆ ಬಂದವಳೇ, "ಇನ್ನು ಆ ಸೂರಿನ ಕೆಳಗೆ ನಾನು ಕೂರಲ್ಲ" ಎಂದುಬಿಟ್ಟಳು.

ಎರಡು ವರ್ಷ ಕೂರಲಿಲ್ಲ. ಅವಳ ಸೀಟಿನಲ್ಲಿ ತರಕಾರಿ ಚೀಲ ಓಡಾಡುತ್ತಿತ್ತು. ಒಮ್ಮೆ ಭಾವ ನನ್ನೊಬ್ಬನ ಹತ್ತಿರ, "ಗೇರ್ ಹಾಕ್ವಾಗ ಪಕ್ಕದಲ್ಲಿ ಬಳೆ ಸದ್ದು ಇರ್ಬೇಕು ಕಣೋ. ಇಲ್ದಿದ್ರೆ ಕಾರು ಓಡ್ಸಿದಂಗೇ ಅನ್ಸಲ್ಲ" ಎಂದರು. ಇದನ್ನು ಅಕ್ಕನಿಗೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೆಂಡತಿಯ ಮುಂದೆ ಬಾಯಿಬಿಡುವುದಕ್ಕಿಂತ ಕಾರನ್ನು ಬಿಚ್ಚುವುದು ಅವರಿಗೆ ಸುಲಭವಾಗಿ ಕಂಡಿತು.

ಸೀಟು ಹೊಲಿಯುವ ಅಂಗಡಿಯವನು, "ಮಡಚೋ ಟಾಪಾ? ನಮ್ಗೆ ಬರಲ್ಲ ಸಾರ್, ಬುಟ್ಬುಡಿ" ಎಂದು ಕೈಮುಗಿದ. "ಇದೇನು ಬ್ರಹ್ಮವಿದ್ಯೆಯಾ? ನಾವೇ ಹಾಕೋಣ ಬಾರೋ" ಎಂದರು ಭಾವ. ನಾನು ಆಗ ಕರೆದಲ್ಲಿಗೆ ಹೋಗುವ ಮನುಷ್ಯ, ಹೋದೆ.

ಹಳೇ ಬಟ್ಟೆಯನ್ನು ಇಡಿಯಾಗಿ ಬಿಚ್ಚಿ, ಅದರ ಅಳತೆಗೇ ಹೊಸದನ್ನು ಕತ್ತರಿಸಬೇಕು. ನಮ್ಮದು ಚೂರುಚೂರಾಗಿ ಬಂತು. ಭಾವ ಚೂರುಗಳನ್ನೆಲ್ಲ ತಾರಸಿಯ ಮೇಲೆ ಜೋಡಿಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಒಂದು ಹಳ್ಳಿಯನ್ನು ಅಳೆಯುವ ಶ್ರದ್ಧೆಯಿಂದ ನಕ್ಷೆ ಬರೆದರು. ದಪ್ಪ ಕಾಟನ್ ಬಟ್ಟೆ ಬಂತು. ಟಾಪಿನ ಒಳಗೆ ಮೂರು ಕಬ್ಬಿಣದ ಕಮಾನುಗಳಿರುತ್ತವೆ; ಲಂಗಕ್ಕೆ ಲಾಡಿ ತೂರಿಸುವ ಹಾಗೆ ಒಂದೊಂದನ್ನೂ ಬಟ್ಟೆಯ ಮಡಿಕೆಯೊಳಗೆ ತೂರಿಸಿ, ಅಂಚುಗಳನ್ನು ಅಂಟಿಸಬೇಕು.

ಇಷ್ಟೆಲ್ಲ ನಡೆಯುವಾಗ ಅಕ್ಕ ಜಗುಲಿಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತ ಕೂತಿದ್ದಳು. ಅರ್ಧ ಬೀದಿಯ ರವಿಕೆ ಹೊಲಿಯುವವಳು ಅವಳೇ. ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ರವಿಕೆ ಕೆಡುತ್ತದೆ ಎಂಬುದು ಅವಳಿಗೆ ವೇದ. ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದ ನನ್ನನ್ನು ತಡೆದು, "ನೆನೆಸಿದ್ರೇನೋ?" ಎಂದಳು.

ಭಾವ ನನ್ನ ಕಿವಿಯಲ್ಲಿ, "ಕಾರೇನು ರವಿಕೆ ತೊಡುತ್ತಾ? ಹೂಂ ಅನ್ನು" ಎಂದರು.

"ಹೂಂ ಅಕ್ಕ, ನಿನ್ನೇನೇ ನೆನೆಸಿದ್ವಿ" ಎಂದೆ. ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿ, ಮತ್ತೆ ಮಿಷನ್ ತುಳಿಯತೊಡಗಿದಳು.

ಗೋಣಿಸೂಜಿಯಲ್ಲಿ ಹೊಲಿದೆವು. ಅಂಟು ಹಚ್ಚುವ ಹೊತ್ತಿಗೆ ನಾನು ಬಟ್ಟೆಗೆ ತಲೆ ಒತ್ತಿಕೊಟ್ಟು ನಿಂತೆ, ಹಾಗೇ ಅಂಟಿಕೊಂಡೆ. ಭಾವ ಕತ್ತರಿ ತಂದು ಬಟ್ಟೆಯನ್ನು ಉಳಿಸಿ ಕೂದಲನ್ನು ಕತ್ತರಿಸಿದರು. ಯಾವುದು ಮುಖ್ಯ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಆದರೆ ಕೆಲಸ ಸೊಗಸಾಗಿತ್ತು. ಟಾಪು ಮಡಚಿತು, ತೆರೆಯಿತು, ಕೊಕ್ಕೆ ಸರಿಯಾಗಿ ಬಿತ್ತು. ಭಾವ ಅಕ್ಕನ ಮುಖ ನೋಡದೆ ಜಗುಲಿಯ ಕಂಬಕ್ಕೆ, "ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗ್ಬೋದು" ಎಂದು ಹೇಳಿದರು. "ನೋಡೋಣ" ಎಂದಳು ಅಕ್ಕ. ಭಾವ ಆ ವಾರವಿಡೀ ಶಿಳ್ಳೆ ಹಾಕಿಕೊಂಡು ಓಡಾಡಿದರು.

ಆ ಸಂತೋಷಕ್ಕೇ ಶನಿವಾರ ಪೈಪು ಹಿಡಿದು ಕಾರು ತೊಳೆದರು. ಕ್ಯಾನ್ವಾಸಿನ ಹೊಲಿಗೆಗಳಲ್ಲಿ ನೀರಿಳಿದು ಹೊಸ ಬಟ್ಟೆ ತೊಯ್ದಿತು. ಒಣಗಲೆಂದು ಕೊಕ್ಕೆ ಬಿಚ್ಚಿ, ಟಾಪನ್ನು ಅರ್ಧ ಎತ್ತಿ ಬಿಸಿಲಿಗೆ ಬಿಟ್ಟರು. ಭಾನುವಾರ ಬೆಳಿಗ್ಗೆ ಮುಚ್ಚಲು ಹೋದರೆ ಟಾಪು ಮುಂದಿನ ಗಾಜಿನವರೆಗೆ ಬರಲೇ ಇಲ್ಲ. ಇಬ್ಬರೂ ಅದಕ್ಕೆ ಜೋತುಬಿದ್ದೆವು. ಭಾವ ಟೇಪು ಹಿಡಿದು, "ಮೂರಿಂಚು ಎರಡು ನೂಲು" ಎಂದರು, ಅಳೆದರೆ ಕೂಡಿಕೊಳ್ಳುತ್ತದೋ ಎಂಬಂತೆ.

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಅದೇ ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ನನಗೆ ನಿಂತ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಭಾವ ಟೇಪು ಸುತ್ತಿ ಜೇಬಿಗಿಟ್ಟರು. "ಸರೋಜ, ನಂಗೆ ಗೊತ್ತಾಗ್ತಿಲ್ಲ ಕಣೇ. ನೀನೇ ಏನಾದ್ರೂ ಮಾಡು" ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಕ್ಕ ಸೆರಗು ಸಿಕ್ಕಿಸಿ, ಬ್ಲೇಡು ತಂದು, ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚುವಂತೆಯೇ ಲೈನಿಂಗನ್ನು ನಡುವೆ ಬಿಚ್ಚಿದಳು. ತನ್ನ ಸೀರೆಯ ರವಿಕೆಗೆ ತಂದು, ನೆನೆಸಿ, ಉಳಿಸಿಟ್ಟಿದ್ದ ಹಸಿರು ಲೈನಿಂಗಿನಿಂದ ಒಂದು ಅಗಲವಾದ ಪಟ್ಟಿ ಕತ್ತರಿಸಿ ಅಲ್ಲಿ ಕೂಡಿಸತೊಡಗಿದಳು. ನಾನು ದಾರ ಪೋಣಿಸಿ ಕೊಡುತ್ತಿದ್ದೆ. ಭಾವ ಮೆಲ್ಲಗೆ ನನ್ನ ಪಕ್ಕೆಗೆ ತಿವಿದು ಕಣ್ಣಲ್ಲೇ ತೋರಿಸಿದರು. ಅಕ್ಕ ಮುಂದಿನ ಸೀಟಿನಲ್ಲಿ, ಆ ಸೂರಿನ ಕೆಳಗೇ ಕೂತು ಹೊಲಿಯುತ್ತಿದ್ದಳು. ನಾನು ಇನ್ನಷ್ಟು ದಾರ ಪೋಣಿಸಿದೆ. ಸಂಜೆ ಬಿಸಿಲಿಳಿದ ಮೇಲೆ ಬೆಟ್ಟಕ್ಕೆ ಹೋದರು, ಇಬ್ಬರೇ.

ಚಪ್ಪಲಿ ರಿಪೇರಿಯಾದ ಮೇಲೆ ನೇರ ಅಕ್ಕನ ಮನೆಗೆ ನಡೆದೆ. ಇಷ್ಟು ವರ್ಷದ ಗುಟ್ಟು, ಅಂಟಿನ ಘಾಟಿಗೆ ಬಾಯಿಗೆ ಬಂದಿತ್ತು. "ಅಕ್ಕ, ಅವತ್ತು ಆ ಬಟ್ಟೆ ನಾವು ನೆನೆಸಿರ್ಲಿಲ್ಲ. ಸುಳ್ಳು ಹೇಳ್ದೆ" ಎಂದೆ.

"ಗೊತ್ತಿತ್ತು ಕಣೋ. ನೆನೆಸಿದ ಬಟ್ಟೆ ಅಷ್ಟು ಗರಿಗರಿ ಅಂತಿರುತ್ತಾ?"

"ಮತ್ತೆ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ನೆನೆಸ್ತಿದ್ರಿ. ಟಾಪು ಸರಿಯಾಗಿ ಕೂರ್ತಿತ್ತು. ಆಮೇಲೆ ಅವರು ನನ್ನ ಕೇಳೋರಾ?"

ಹೊರಗೆ ಭಾವ ಹಾರನ್ ಹೊಡೆದರು. ಬೋಗಾದಿಯ ಕಡೆ ಯಾರದೋ ಗೃಹಪ್ರವೇಶವಂತೆ, ನೀನೂ ಹತ್ತು ಎಂದರು. ಹಿಂದಿನ ಸೀಟಿನಲ್ಲಿ ಕೂತು ತಲೆ ಎತ್ತಿದೆ. ಹಸಿರು ಪಟ್ಟಿ ಬಣ್ಣ ಮಾಸಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ. ಕೆಲಸಗಾರರು ನಾವಿಬ್ಬರು ಎಂದುಕೊಂಡಿದ್ದೆನಲ್ಲ, ಎಂದು ಒಬ್ಬನೇ ನಕ್ಕೆ. ಭಾವ ಗೇರು ಹಾಕಿದರು. ಪಕ್ಕದಲ್ಲಿ ಬಳೆ ಸದ್ದಾಯಿತು.